ಗಣಕಯಂತ್ರದ ಮಂದಗತಿ

ಹಳೆಯ ಗಣಕಯಂತ್ರ ಮಂದವಾದೊಡನೆ, ಸವೆಯಿತೆಂದು ಬಗೆದು ಹೊಸದನ್ನು ಕೊಳ್ಳುವವರುಂಟು. ಆದರೆ ವಿಳಂಬಕ್ಕೆ ಕಾರಣ ಬಹುಮಟ್ಟಿಗೆ ಸವೆತವಲ್ಲ, ಕಾಯುವಿಕೆ.

ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವನನ್ನು ನೋಡಿರಿ. ಎಳೆ ಮುಗಿದೊಡನೆ ಎದುರಿನ ಬಿಸಿನೀರಿನ ತೊಟ್ಟಿಯಿಂದ ಮತ್ತೊಂದು ಗೂಡಿನ ಎಳೆಯನ್ನು ಕೂಡಿಸುತ್ತಾನೆ. ಪ್ರತಿ ಗೂಡಿಗೂ ಮಾರುಕಟ್ಟೆಗೆ ಹೋಗಬೇಕಾದರೆ ಕೆಲಸ ಸಾಗೀತೆ? ಗಣಕದಲ್ಲಿ ರ‍್ಯಾಮ್ ಎಂಬ ಸ್ಮೃತಿಯೇ ತೊಟ್ಟಿ. ಹಾರ್ಡ್ ಡಿಸ್ಕೇ ಮಾರುಕಟ್ಟೆ.

ರ‍್ಯಾಮಿನಿಂದ ಮಾಹಿತಿ ದೊರೆಯಲು ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಡಿಸ್ಕಿಗೆ ನೂರರಲ್ಲೊಂದು ಭಾಗ ಬೇಕು. ಮೊದಲನೆಯದನ್ನು 1 ಸೆಕೆಂಡೆಂದು ಎಣಿಸಿದರೆ ಎರಡನೆಯದು ಸುಮಾರು 28 ಗಂಟೆ! ಚಲಿಸುವ ಭಾಗಗಳಿಲ್ಲದ ಎಸ್.ಎಸ್.ಡಿ.ಗೆ ಇದೇ ಲೆಕ್ಕದಲ್ಲಿ ಸುಮಾರು 17 ನಿಮಿಷ.

ಅನೇಕ ತಂತ್ರಾಂಶಗಳನ್ನು ಒಮ್ಮೆಲೇ ತೆರೆದರೆ ರ‍್ಯಾಮ್ ತುಂಬಿ, ಯಂತ್ರವು ಪದೇಪದೇ ಡಿಸ್ಕಿಗೆ ಮೊರೆಹೋಗುತ್ತದೆ. ವಿಂಡೋಸ್ ಇರುವ ಗಣಕದಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದು ಪರೀಕ್ಷಿಸಿರಿ. ಮೊದಲು, ತಾವಾಗಿಯೇ ಆರಂಭವಾಗುವ ಅನಗತ್ಯ ತಂತ್ರಾಂಶಗಳನ್ನು ತಡೆಯಿರಿ, ಇದಕ್ಕೆ ಖರ್ಚಿಲ್ಲ. ಆಗಲೂ ಮೆಮೊರಿ ತುಂಬಿಯೇ ಇದ್ದರೆ ರ‍್ಯಾಮನ್ನು ಹೆಚ್ಚಿಸಬೇಕು. ಮೆಮೊರಿಯಲ್ಲಿ ಸ್ಥಳವಿದ್ದೂ ಡಿಸ್ಕ್ ಸದಾ ಶೇಕಡಾ 100ರ ಸಮೀಪದಲ್ಲಿದ್ದರೆ, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಎಸ್.ಎಸ್.ಡಿ.ಯನ್ನು ಅಳವಡಿಸಬಹುದು. ಹೊಸ ಯಂತ್ರದ ಬೆಲೆಯ ಅಲ್ಪಾಂಶದಲ್ಲಿ ವಿದ್ಯಾರ್ಥಿಯ ಹಳೆಯ ಗಣಕ ಇನ್ನೂ ಕೆಲವು ವರ್ಷ ದುಡಿದೀತು.