ಮನೋಳಿಯ ಬಣ್ಣದ ನೂಲು ಮತ್ತು ಕಸುಬುಗಳ ಗೊಂಚಲು

ಸವದತ್ತಿ ತಾಲೂಕಿನ ಮನೋಳಿಯು ಮಲಪ್ರಭಾ ನದಿಯ ದಂಡೆಯ ಮೇಲಿರುವುದು ವಾಚಕರಿಗೆ ವಿದಿತವೇ ಇದೆ. ಸರಕಾರಿ ಕಾಗದಗಳಲ್ಲಿ ಇದನ್ನೀಗ ಮುನವಳ್ಳಿಯೆಂದು ಬರೆಯುವರು. ಚರಿತ್ರೆಯನ್ನು ಓದಿದವರು ಈ ಊರನ್ನು 1800ನೆಯ ಇಸವಿಯ ಜುಲೈ ತಿಂಗಳಲ್ಲಿ ವೆಲ್ಲೆಸ್ಲಿಯು ಧೋಂಡಿಯಾ ವಾಘನ ದಂಡನ್ನು ಹೊಳೆಗೆ ಅಟ್ಟಿದ ಸ್ಥಳವೆಂದು ನೆನೆಯುತ್ತಾರೆ. ಒಕ್ಕಲಿಗರು ನೆನೆಯಬೇಕಾದ ಸಂಗತಿಯು ಬೇರೆಯದು. ಹತ್ತೊಂಬತ್ತನೆಯ ಶತಮಾನದ ಗ್ಯಾಝೆಟಿಯರಿನಲ್ಲಿ ಮನೋಳಿಯು ನೂಲಿನ ವ್ಯಾಪಾರಕ್ಕೂ ಆ ನೂಲಿಗೆ ಹಾಕುವ ಬಣ್ಣದ ಗುಣಕ್ಕೂ ಹೆಸರಾದ ಪೇಟೆಯೆಂದು ಕಾಣಿಸಿಕೊಂಡಿತ್ತು.

ಇಂತಹ ಖ್ಯಾತಿಯು ಒಬ್ಬ ಬಣ್ಣಗಾರನ ಕೈಚಳಕದಿಂದ ಬರತಕ್ಕದ್ದಲ್ಲ. ಸುತ್ತಲಿನ ಎರೆಯ ಹೊಲಗಳಲ್ಲಿ ಹತ್ತಿಯು ಬೆಳೆಯುತ್ತಿತ್ತು. ಲಡಿಗಳನ್ನು ತೊಳೆಯಲು ಹೊಳೆಯ ನೀರಿತ್ತು. ಬಣ್ಣದ ನೂಲನ್ನು ಕೊಳ್ಳುವ ನೇಕಾರರು ಆಸುಪಾಸಿನ ಊರುಗಳಲ್ಲಿಯೇ ಇದ್ದರು. ಒಂದು ಕಸುಬು ಮತ್ತೊಂದಕ್ಕೆ ಆತುಕೊಂಡು ನಿಂತಿತ್ತು. ಮುಂದೆ 1869ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞರು ಸಿದ್ಧಪಡಿಸಿದ ಕೃತಕ ಕೆಂಪು ಬಣ್ಣವೂ, 1897ರಲ್ಲಿ ಕೃತಕ ನೀಲಿಯೂ ಪೇಟೆಗೆ ಬಂದವು. ಬೇರು ಕುಟ್ಟಿ, ನೀಲಿಯ ಗಿಡ ಕೊಳೆಯಿಸಿ ಬಣ್ಣ ತೆಗೆಯುತ್ತಿದ್ದ ನಾಡಿನ ಸಮಸ್ತ ಬಣ್ಣಗಾರರಿಗೂ ಇದರಿಂದ ಪೆಟ್ಟು ಬಿದ್ದಿತು. ಯಂತ್ರದ ನೂಲು ಅದಕ್ಕೂ ಮೊದಲೇ ಬಂದಿತ್ತು. ಹಳೆಯ ಕಸುಬು ಹೋಯಿತೆಂದು ಶೋಕಿಸುವುದು ಈ ಲೇಖನದ ಉದ್ದೇಶವಲ್ಲ. ಕಸುಬುಗಳು ಒಂದು ಸೀಮೆಯಲ್ಲಿ ಏಕೆ ಕೂಡಿ ನಿಲ್ಲುತ್ತವೆ, ಕೂಡಿದವು ಏಕೆ ಚೆದರುತ್ತವೆ ಎಂಬುದನ್ನು ಅರಿತರೆ, ಇಂದು ನಮ್ಮ ಕೈಯಲ್ಲಿ ಉಳಿದಿರುವ ಹತ್ತಿಯನ್ನೂ ನೀರನ್ನೂ ಕಾಯ್ದುಕೊಳ್ಳಲು ದಾರಿ ತೋರುವುದು.

ಈ ಪ್ರಶ್ನೆಯನ್ನು ಮೊದಲು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಮುಖ್ಯನು. ಒಂದೇ ಕಸುಬಿನವರು ಒಂದೆಡೆ ನೆರೆದಲ್ಲಿ ಅದರ ಮರ್ಮವು ಗುಟ್ಟಾಗಿ ಉಳಿಯದೆ ಓಣಿಯ ಮಕ್ಕಳಿಗೂ ತಾನಾಗಿಯೇ ತಿಳಿಯುವುದೆಂದು ಅವನು 1890ರ ಗ್ರಂಥದಲ್ಲಿ ವಿವರಿಸಿದನು. ಅದಾದ ಸರಿಯಾಗಿ ನೂರು ವರ್ಷಗಳಿಗೆ, 1990ರಲ್ಲಿ, ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಪಾರಶಾಸ್ತ್ರದ ಆಚಾರ್ಯರಾದ ಮೈಕೆಲ್ ಪೋರ್ಟರರು ಅದೇ ವಿಚಾರವನ್ನು ವಿಸ್ತರಿಸಿ, ಇಂತಹ ನೆರವಿಗೆ ಗೊಂಚಲು ಎಂಬರ್ಥದ ಹೆಸರನ್ನು ರೂಢಿಗೆ ತಂದರು. ಇಟಲಿಯ ಸಾಸ್ಸುವೋಲೋ ಎಂಬ ಊರಿನ ಸುತ್ತ ನೆಲಹಾಸಿನ ಬಿಲ್ಲೆ ಮಾಡುವವರು, ಅವರಿಗೆ ಒಲೆ ಮತ್ತು ಯಂತ್ರ ಕಟ್ಟಿಕೊಡುವವರು, ಮೆರುಗು ಒದಗಿಸುವವರು ಎಲ್ಲರೂ ನೆರೆದುದನ್ನು ಅವರು ದೃಷ್ಟಾಂತವಾಗಿ ಕೊಟ್ಟರು. ಕಚ್ಚಾ ಮಾಲು ಹತ್ತಿರವಿದ್ದರೆ ಸಾಲದು. ನೆರೆಯವನೊಡನೆ ಸ್ಪರ್ಧೆಯಿರಬೇಕು, ಪೂರಕ ಕಸುಬುಗಳಿರಬೇಕು, ಸುಲಭಕ್ಕೆ ಒಪ್ಪದ ಗಿರಾಕಿಯು ಊರಿನಲ್ಲಿಯೇ ಇರಬೇಕೆಂಬುದು ಅವರ ಮತ.

ಈ ಕೊನೆಯ ಮಾತಿಗೆ ನಾವು ಇಟಲಿಗೆ ಹೋಗಬೇಕಾಗಿಲ್ಲ. ಇಲಕಲ್ಲ ಸೀರೆಯನ್ನು ಕೊಳ್ಳುವ ನಮ್ಮ ಹೆಣ್ಣುಮಕ್ಕಳು ಸೆರಗನ್ನು ಹೊರಳಿಸಿ, ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಹಾಕಿದ ಕೊಂಡಿಯನ್ನು ನೋಡದೆ ಹಣ ಎಣಿಸುವುದಿಲ್ಲ. ಅಂಗಡಿಕಾರನಿಗೆ ಇದು ಕಿರಿಕಿರಿಯೆನಿಸಬಹುದು. ನೇಕಾರನ ಕೈ ಕೆಡದಂತೆ ಕಾಯ್ದುದು ಮಾತ್ರ ಅದೇ. ಗುಳೇದಗುಡ್ಡದ ಖಣದ ಸಂಗತಿಯೂ ಹೀಗೆಯೇ.

ಆದರೆ ಗೊಂಚಲಿನ ಒಬ್ಬನು ಮಾಡಿದ ಮೋಸವು ಎಲ್ಲರ ಹೆಸರನ್ನೂ ಕೆಡಿಸುತ್ತದೆ. ಇದನ್ನು ನಮ್ಮ ಸೀಮೆಯು ಬಹು ಹಿಂದೆಯೇ ಅನುಭವಿಸಿದೆ. 1840ರ ದಶಕದಲ್ಲಿ ಧಾರವಾಡದ ಕಡೆ ಅಮೇರಿಕೆಯ ಬೀಜದ ಹತ್ತಿಯನ್ನು ಬೆಳೆಸತೊಡಗಿದರು. ಅದರ ಎಳೆಯು ಉದ್ದವಾಗಿದ್ದುದರಿಂದ ಇಂಗ್ಲೆಂಡಿನ ಗಿರಣಿಗಳಲ್ಲಿ ಅದಕ್ಕೆ ಬೇಡಿಕೆಯಿತ್ತು. ಇಲ್ಲಿಯ ದೇಶೀ ಹತ್ತಿಗೆ ಕುಮಟಾ ಹತ್ತಿಯೆಂದು ಹೆಸರು. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ, ಆ ಬಂದರಿನಿಂದ ಹಡಗು ಏರುತ್ತಿತ್ತು ಅಷ್ಟೇ. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಆರಂಭವಾಗಿ ಹತ್ತಿಯ ಬೆಲೆಯು ಏರಿದಾಗ, ಎರಡನ್ನೂ ಕಲಬೆರಕೆ ಮಾಡುವುದು, ಕಾಳು ಕಸ ಸೇರಿಸುವುದು ನಡೆಯಿತು. ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯಿದೆಯನ್ನೇ ಮಾಡಬೇಕಾಯಿತು. 1923ರಲ್ಲಿ ಹೊರಗಿನ ಕೀಳು ಹತ್ತಿಯನ್ನು ಒಳ್ಳೆಯ ಹತ್ತಿಯ ಸೀಮೆಗೆ ತರದಂತೆ ಸಾಗಣೆಯ ಕಾಯಿದೆಯೂ, 1925ರಲ್ಲಿ ಜಿನ್ನು ಮತ್ತು ಪ್ರೆಸ್ಸುಗಳ ಕಾಯಿದೆಯೂ ಬಂದವು. ಕಾಯಿದೆಗಳಿಗಿಂತ ಹೆಚ್ಚು ಉಪಯುಕ್ತವಾದುದು 1917ರಲ್ಲಿ ಗದಗದಲ್ಲಿ ಸ್ಥಾಪಿತವಾದ ಹತ್ತಿ ಮಾರಾಟದ ಸಹಕಾರಿ ಸಂಘವೆಂದು ಈ ಲೇಖಕನ ಅಭಿಪ್ರಾಯ. ಶುದ್ಧ ಮಾಲಿಗೆ ಹೆಚ್ಚಿನ ದರವು ಬೆಳೆದವನ ಕೈಗೇ ಸಿಗುವಂತಾದರೆ ಕಲಬೆರಕೆಯ ಆಸೆಯು ತಾನೇ ಕುಗ್ಗುವುದು.

ಅನಂತರ ಧಾರವಾಡದ ಸಂಶೋಧಕರಾದ ಬಿ. ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ತಳಿಯನ್ನೂ, 1981ರಲ್ಲಿ ಡಿಸಿಎಚ್ 32 ಎಂಬ ಜಯಲಕ್ಷ್ಮಿಯನ್ನೂ ಒದಗಿಸಿದರು. ಜಯಲಕ್ಷ್ಮಿಯ ಎಳೆಯು ಅತಿ ಉದ್ದವಾದುದು. ಇಂತಹ ಹತ್ತಿಯನ್ನು ಗಿಡ್ಡ ಎಳೆಯ ಹತ್ತಿಯೊಡನೆ ಒಂದೇ ಗಾಡಿಯಲ್ಲಿ ತುಂಬಿದರೆ ಗಿರಣಿಯವನು ಗಿಡ್ಡ ಎಳೆಯ ದರವನ್ನೇ ಕೊಡುವನು. 1863ರ ತಪ್ಪನ್ನು ನಾವು ಕಾಯಿದೆಯ ಭಯವಿಲ್ಲದೆ ಇಂದೂ ಮಾಡುತ್ತಿದ್ದೇವೆ.

ಇನ್ನು ನೀರಿನ ವಿಚಾರ. ಗೊಂಚಲು ದೊಡ್ಡದಾದಷ್ಟೂ ಅದರ ಕೊಳೆಯೂ ಒಂದೆಡೆ ಕೂಡುವುದು. ತಮಿಳುನಾಡಿನ ತಿರುಪ್ಪೂರು ಬನಿಯನ್ ಮತ್ತು ಹೆಣೆದ ಬಟ್ಟೆಗೆ ಲೋಕಪ್ರಸಿದ್ಧವಾಯಿತು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಿಸಲು ಉಪ್ಪು ಬಹಳ ಬೇಕು; ಉಪ್ಪು ಕೊಳೆತು ಹೋಗುವ ವಸ್ತುವಲ್ಲ. ಅದೆಲ್ಲವೂ ನೊಯ್ಯಲ್ ಹೊಳೆಗೆ ಸೇರಿತು. ಕೆಳಗಿನ ರೈತರಿಗೆ ನೀರುಣಿಸಲೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ಕೊಳೆಯ ಸಂಗ್ರಹವಾಯಿತು. ತಮಗಾಗಿ ಕಟ್ಟಿದ ಅಣೆಯ ನೀರನ್ನು ತಮ್ಮ ಹೊಲಕ್ಕೆ ಬಿಡಬೇಡಿರೆಂದು ರೈತರೇ ಕೇಳಿಕೊಳ್ಳುವ ಕಾಲ ಬಂದಿತು! ಅವರು ನ್ಯಾಯಾಲಯದ ಮೆಟ್ಟಿಲೇರಿದರು; 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಕಾರಖಾನೆಗಳನ್ನು ಮುಚ್ಚಿಸಲು ಅಪ್ಪಣೆ ಮಾಡಿತು. ಕೊಳೆನೀರಿನ ಹನಿಯನ್ನೂ ಹೊರಗೆ ಬಿಡದೆ ಶುದ್ಧಮಾಡಿ ಮರಳಿ ಬಳಸುವ ಏರ್ಪಾಡು ಮಾಡಿಕೊಂಡವರು ಮಾತ್ರ ಮುಂದೆ ಬಾಗಿಲು ತೆರೆದರು. ನಡುವೆ ಕೂಲಿ ಕಳೆದುಕೊಂಡವರ ಗೋಳು ಬೇರೆ.

ಪೋರ್ಟರರು 1995ರಲ್ಲಿ ಮತ್ತೊಬ್ಬ ವಿದ್ವಾಂಸರೊಡನೆ ಬರೆದ ಲೇಖನವು ಇಲ್ಲಿಗೆ ಹೊಂದುತ್ತದೆ. ಕೊಳೆಯೆಂಬುದು ಬಹುಮಟ್ಟಿಗೆ ದುಡ್ಡು ಕೊಟ್ಟು ತಂದು ಉಪಯೋಗಿಸದೆ ಚೆಲ್ಲಿದ ಮಾಲು. ಯೋಗ್ಯವಾದ ನಿರ್ಬಂಧವಿದ್ದರೆ ಕಾರಖಾನೆಯವನು ಉಳಿತಾಯದ ಹೊಸ ಯುಕ್ತಿಯನ್ನು ಹುಡುಕುವನೆಂದು ಅವರು ವಾದಿಸಿದರು. ಇಂತಹ ಲಾಭವು ಅಪರೂಪವೆಂದು ಇತರ ಅರ್ಥಶಾಸ್ತ್ರಜ್ಞರು ಆಗಲೇ ಆಕ್ಷೇಪಿಸಿದ್ದುಂಟು. ನಾಲ್ಕು ಹಂಡೆ ಇಟ್ಟುಕೊಂಡ ಸಣ್ಣ ಬಣ್ಣಗಾರನನ್ನು ನೋಡಿದರೆ ಆಕ್ಷೇಪವು ಸುಳ್ಳಲ್ಲವೆನಿಸುತ್ತದೆ. ಶುದ್ಧೀಕರಣದ ಯಂತ್ರವನ್ನು ಅವನೊಬ್ಬನೇ ಕೊಳ್ಳಲಾರನು. ಹತ್ತು ಮಂದಿ ಕೂಡಿದರೆ ಕೊಳ್ಳಬಹುದು. 2005ರಲ್ಲಿ ಕೇಂದ್ರ ಸರಕಾರವು ಸಾಂಪ್ರದಾಯಿಕ ಕಸುಬುಗಳ ಗೊಂಚಲಿಗಾಗಿ ಆರಂಭಿಸಿದ ಯೋಜನೆಯಲ್ಲಿ ಎಲ್ಲರಿಗೂ ಸಾಮಾನ್ಯವಾದ ಯಂತ್ರಗೃಹಕ್ಕೆ ನೆರವು ಕೊಟ್ಟುದರ ಮರ್ಮವೂ ಇದೇ.

ನಮ್ಮ ಭೂಮಿಗೆ ಈ ಎಚ್ಚರವು ಇಮ್ಮಡಿಯಾಗಿ ಬೇಕು. ನವಿಲುತೀರ್ಥದ ಅಣೆಕಟ್ಟು 1970ರ ದಶಕದಲ್ಲಿ ಪೂರ್ತಿಯಾದ ಮೇಲೆ ಮಲಪ್ರಭೆಯ ಕಾಲುವೆಗಳ ಕೆಳಗಿನ ಎರೆಹೊಲಗಳಲ್ಲಿ ಅಲ್ಲಲ್ಲಿ ಸವಳು ಏರಿತು. ಬಣ್ಣದ ಉಪ್ಪು ಇದಕ್ಕೆ ಕಾರಣವಲ್ಲ. ಬಸಿಯಲು ದಾರಿಯಿಲ್ಲದ ಹೆಚ್ಚಿನ ನೀರೇ ಕಾರಣ. ಎರೆಯು ಒಮ್ಮೆ ಉಪ್ಪು ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ಮನೋಳಿಯಿಂದ ಹರಿದ ನೀರು ರಾಮದುರ್ಗವನ್ನೂ ಬಾದಾಮಿಯ ಸೀಮೆಯನ್ನೂ ದಾಟಿ ಕೂಡಲಸಂಗಮಕ್ಕೆ ಹೋಗತಕ್ಕದ್ದು. ಊರಿಗೆ ಹೊಸ ಕಾರಖಾನೆಯು ಬರಲೆಂದು ಗೌಡರು ಜಮೀನು ಕೊಡಲು ಒಪ್ಪುವಾಗ ಎಷ್ಟು ಜನಕ್ಕೆ ಕೆಲಸ ಸಿಗುವುದೆಂದು ಕೇಳುತ್ತಾರೆ. ಅದರ ನೀರು ಎಲ್ಲಿಗೆ ಹೋಗುವುದೆಂದೂ ಕೇಳಿ, ಉತ್ತರವನ್ನು ಗ್ರಾಮಸಭೆಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ಹತ್ತಿ ಬಿಡಿಸುವ ಕಾಲದಲ್ಲಿ ಇಬ್ಬನಿ ಆರಿದ ಮೇಲೆಯೇ ಆಳುಗಳನ್ನು ಹೊಲಕ್ಕಿಳಿಸಬೇಕು. ಪ್ಲಾಸ್ಟಿಕ್ ಚೀಲವನ್ನು ಬಿಟ್ಟು ಹತ್ತಿಯ ಬಟ್ಟೆಯಲ್ಲಿಯೇ ತುಂಬಬೇಕು, ಏಕೆಂದರೆ ಚೀಲದ ಎಳೆಯು ನೂಲಿನಲ್ಲಿ ಸೇರಿದರೆ ಅದಕ್ಕೆ ಬಣ್ಣ ಹತ್ತುವುದಿಲ್ಲ. ಮೊದಲ ಬಿಡಿಸುವಿಕೆಯ ಮಾಲನ್ನೂ ಉದ್ದ ಎಳೆಯ ತಳಿಯನ್ನೂ ಬೇರೆಯಾಗಿ ಇಟ್ಟು ಬೇರೆಯಾಗಿಯೇ ಜಿನ್ನಿಗೆ ಕಳಿಸಬೇಕು. ಬಾವಿಯ ನೀರನ್ನು ವರ್ಷಕ್ಕೆ ಎರಡು ಸಾರಿ, ಬೇಸಗೆಯ ಕೊನೆಗೊಮ್ಮೆ ಮತ್ತು ಮಳೆಗಾಲವಾದ ಮೇಲೊಮ್ಮೆ, ಪರೀಕ್ಷೆ ಮಾಡಿಸಬೇಕು. ಪಂಪನ್ನು ಸ್ವಲ್ಪ ಹೊತ್ತು ನಡೆಯಿಸಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಸರ್ವೇ ನಂಬರನ್ನೂ ತಾರೀಖನ್ನೂ ಬರೆದ ಚೀಟಿ ಅಂಟಿಸಿ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲವೆ ಹತ್ತಿರದ ಮಣ್ಣು ಪರೀಕ್ಷಾಲಯದಲ್ಲಿ ವಿಚಾರಿಸುವುದು. ಉಪ್ಪಿನ ಅಂಶವನ್ನು ತೋರುವ ವಿದ್ಯುದ್ವಾಹಕತೆಯ ಅಂಕಿಯು ಮೀಟರಿಗೆ 2.25 ಡೆಸಿಸೀಮನ್ಸನ್ನು ಮೀರಿದ್ದರೆ ಆ ನೀರನ್ನು ಎರೆಹೊಲಕ್ಕೆ ಹಾಯಿಸಬಾರದು. ಬಂದ ಅಂಕಿಗಳನ್ನು ಊರಿನ ಒಂದು ಪುಸ್ತಕದಲ್ಲಿ ವರ್ಷಾನುಕ್ರಮವಾಗಿ ಬರೆದಿಟ್ಟರೆ, ಮೇಲಿನ ಊರಿನವರೊಡನೆ ಮಾತಾಡುವ ಪ್ರಸಂಗ ಬಂದಾಗ ತೋರಿಸಲು ಆಧಾರವಿರುತ್ತದೆ.