ಕಣ್ಣಿನೊಳಗಣ ಪದರಗಳು

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ಗುಡ್ಡ ಕುಸಿದು ರಸ್ತೆ ಮುಚ್ಚಿದುದನ್ನು ನಮ್ಮೂರಿನವರಾರೂ ಮರೆತಿಲ್ಲ. ಮೇಲೆ ಹಸುರು ಎಂದಿನಂತೆಯೇ ಇತ್ತು. ಒಳಪದರಗಳಲ್ಲಿ ನೀರು ಇಂಗಿ ನೆಲ ಸಡಿಲವಾಗಿತ್ತು. ಈಚೆಗೆ ನೇತ್ರವೈದ್ಯರ ಮುಂದೆ ಕುಳಿತಾಗ ನನಗೆ ಅದೇ ನೆನಪಾಯಿತು.

ಎಂಟು ವರ್ಷಗಳಿಂದ ನಾನು ಮಧುಮೇಹಿ. ‘ಪಟಲ’ವೆಂದರೆ ಪದರ, ತೆರೆ ಎಂದು ತರಗತಿಯಲ್ಲಿ ಅರ್ಥ ಹೇಳುತ್ತ ಬಂದವನಿಗೆ, ಅಕ್ಷಿಪಟಲವೊಂದರಲ್ಲಿಯೇ 10 ಪದರಗಳಿವೆಯೆಂದು ತಿಳಿದದ್ದು ಅಲ್ಲಿ. ಎಲ್ಲವೂ ಸೇರಿ ದಪ್ಪ ಸುಮಾರು ಕಾಲು ಮಿಲಿಮೀಟರು! ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿ ನಿಂತರೆ, ಈ ಪದರಗಳ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು, ಅಲ್ಲಲ್ಲಿ ಉಬ್ಬಿ, ದ್ರವ ಜಿನುಗುತ್ತದೆ. ಅಕ್ಷರಗಳನ್ನು ಸ್ಫುಟವಾಗಿ ಕಾಣುವ ನಡುಭಾಗದಲ್ಲಿ ಅದು ತುಂಬಿದರೆ ಸಾಲುಗಳು ಡೊಂಕಾಗಿ ತೋರುತ್ತವೆ. ಮುಂದೆ ನಾಳಗಳು ಮುಚ್ಚಿಹೋದಾಗ, ಪ್ರಾಣವಾಯು ಸಾಲದ ಪಟಲವು ಹೊಸ ನಾಳಗಳನ್ನು ಬೆಳೆಸುತ್ತದೆ. ದುರ್ಬಲವಾದ ಅವು ಒಡೆದರೆ ಕಣ್ಣೊಳಗೇ ರಕ್ತಸ್ರಾವ.

ಮೊದಮೊದಲು ನೋವಿಲ್ಲ, ಮಸುಕೂ ಇಲ್ಲ. ನನಗೂ ಇರಲಿಲ್ಲ, ಆದರೂ ವೈದ್ಯರಿಗೆ ಎರಡು ಉಬ್ಬುಗಳು ಕಂಡುವು. “ಮಾಷ್ಟ್ರೇ, ಓದಲು ಆಗುತ್ತದಲ್ಲ ಎಂದು ಬಾರದೆ ಇರಬೇಡಿ” ಎಂದರು. ವರ್ಷಕ್ಕೊಮ್ಮೆ ಮದ್ದು ಹಾಕಿಸಿ, ಪಾಪೆ ಹಿಗ್ಗಿಸಿ ಪರೀಕ್ಷಿಸಿಕೊಂಡರೆ, ಅಗತ್ಯಬಿದ್ದಾಗ ಲೇಸರ್, ಚುಚ್ಚುಮದ್ದುಗಳಿಂದ ದೃಷ್ಟಿಯನ್ನು ಬಹುಮಟ್ಟಿಗೆ ಕಾಪಾಡಬಹುದಂತೆ. ಕಳೆದುಹೋದದ್ದು ಪೂರ್ತಿ ಮರಳುವುದು ಅಪರೂಪ.

ಘಾಟಿಯ ರಸ್ತೆಯನ್ನು ಮತ್ತೆ ಕಟ್ಟಿದರು. ಕಣ್ಣಿನ ಪದರಕ್ಕೆ ಆ ಭಾಗ್ಯ ಕಡಿಮೆ. ನನ್ನಂತೆಯೇ ಸುಮ್ಮನಿದ್ದ ಮಿತ್ರರು ಈ ತಿಂಗಳೇ ಒಮ್ಮೆ ವೈದ್ಯರಲ್ಲಿಗೆ ಹೋಗಿಬರಲಿ.