ಅಂಕಪಟ್ಟಿ ಹೇಳದ ಮಾತು

ಕಳೆದ ತಿಂಗಳು ಬಿ.ಕಾಂ. ಮುಗಿಸಿದ ತರುಣನೊಬ್ಬನು ತಾಯಿಯೊಡನೆ ನಮ್ಮಲ್ಲಿಗೆ ಬಂದಿದ್ದನು. ಮೂರನೆಯ ಸೆಮಿಸ್ಟರಿನಲ್ಲಿದ್ದಾಗ ತಂದೆ ಲಿಂಗೈಕ್ಯರಾದರು. ಹೊಲ, ಸಾಲ ಎರಡೂ ಅವನ ಹೆಗಲಿಗೆ ಬಿದ್ದವು. ಎರಡು ವಿಷಯಗಳಲ್ಲಿ ಅನುತ್ತೀರ್ಣನಾದನು. ಮುಂದೆ ಅವನ್ನು ಪಾಸು ಮಾಡಿ, ಕೊನೆಯ ಸೆಮಿಸ್ಟರಿನಲ್ಲಿ ಪ್ರಥಮ ದರ್ಜೆ ಪಡೆದನು.

ಮೊದಲ ಸಂದರ್ಶನದಲ್ಲಿ ಅಂಕ ಕಡಿಮೆಯೇಕೆಂದು ಕೇಳಿದಾಗ, ಪ್ರಶ್ನೆಪತ್ರಿಕೆ ಕಠಿಣವಾಗಿತ್ತೆಂದನು. ಉಳಿದವರು ಹೇಗೆ ಪಾಸಾದರೆಂಬ ಮರುಪ್ರಶ್ನೆಗೆ ಮೌನವಾದನು. ಎರಡನೆಯದರಲ್ಲಿ ಮನೆಯ ಕಥೆಯನ್ನೆಲ್ಲ ಹೇಳಿ ಅತ್ತನು. ಅವರು ನೀರು ಕೊಟ್ಟು ಸಮಾಧಾನಪಡಿಸಿದರು. ಕೆಲಸದ ವಿಷಯ ಕೇಳಲು ಸಮಯವೇ ಉಳಿಯಲಿಲ್ಲ. "ಮನೆಯ ಕಷ್ಟವನ್ನು ಹೊರಗಿನವರ ಮುಂದೆ ಹೇಳುವುದು ಮರ್ಯಾದೆಯೇ, ಶಾಸ್ತ್ರಿಗಳೇ?" ಎಂಬುದು ತಾಯಿಯ ಪ್ರಶ್ನೆ.

ನಮಗೆ ಶೂನ್ಯಸಂಪಾದನೆಯ ಪ್ರಸಂಗ ನೆನಪಾಯಿತು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಶರಣರ ನಡುವೆ ನಿಲ್ಲಿಸಿ ನಿಷ್ಠುರವಾಗಿ ಪ್ರಶ್ನಿಸಿದರು. ಆ ತಾಯಿ ಮರೆಮಾಚಲಿಲ್ಲ, ಕರುಣೆಯನ್ನೂ ಬೇಡಲಿಲ್ಲ. ಕೇಳಿದಷ್ಟಕ್ಕೆ ನೇರವಾಗಿ ಉತ್ತರಿಸಿದರು. ಅದು ಅನುಭಾವದ ಪರೀಕ್ಷೆ, ಇದು ಉದರನಿರ್ವಹಣೆಯದು. ಆದರೂ ಉತ್ತರಿಸುವ ಆ ರೀತಿ ಇಲ್ಲಿಯೂ ಸಲ್ಲುತ್ತದೆ.

ಅಂಕಪಟ್ಟಿ ಸಂದರ್ಶಕರ ಮೇಜಿನ ಮೇಲಿರುವಾಗ ಮುಚ್ಚಿಡುವುದು ವ್ಯರ್ಥ. ಮೂರು ಮಾತು ಸಾಕು: ನಡೆದದ್ದೇನು, ತಾನು ಮಾಡಿದ್ದೇನು, ಇಂದು ತಾನು ಎಲ್ಲಿದ್ದೇನೆ. ರೋಗದ ವಿವರ, ಸಾಲದ ಮೊತ್ತ, ದಾಯಾದಿಗಳ ಜಗಳ ಅಲ್ಲಿಗೆ ಬೇಡ. ಅವನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಸುಳ್ಳಾಗದು. ಬಡತನಕ್ಕಂತೂ ನಾಚಬೇಕಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯ ನೀಡಿ ಬೆಳೆಸಿದ ಸಾವಿರಾರು ಮಕ್ಕಳು ಬಡತನದಿಂದಲೇ ಬಂದವರು.

ಇನ್ನೊಂದು ಮಾತನ್ನೂ ಕೇಳಿದೆವು: "ಎರಡು ವಿಷಯಗಳೂ ದುಃಖದಿಂದಲೇ ಹೋದವೇ?" ತರುಣನು ತಲೆತಗ್ಗಿಸಿ, ಒಂದಕ್ಕೆ ಓದಲು ಸಮಯವಿತ್ತು, ಓದಲಿಲ್ಲವೆಂದನು. ಹಾಗಾದರೆ ಅದರ ಹೊರೆಯನ್ನು ಲಿಂಗೈಕ್ಯ ತಂದೆಯ ಮೇಲೆ ಹೊರಿಸಬಾರದು. ತನ್ನ ತಪ್ಪನ್ನು ತನ್ನದೆನ್ನುವವನ ಕಷ್ಟದ ಮಾತನ್ನು ಕೇಳುವವರೂ ನಂಬುತ್ತಾರೆ.

ಒಂದು ಬಾಗಿಲು ಮುಚ್ಚಿದರೆ ಎದೆಗುಂದಬೇಕಾಗಿಲ್ಲ. ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ನಾಗರಿಕ ಸೇವಾ ಪರೀಕ್ಷೆಗೆ ಪದವಿ ಬೇಕೇ ಹೊರತು ಇಷ್ಟೇ ಶೇಕಡಾ ಅಂಕವೆಂಬ ನಿಯಮವಿಲ್ಲ. ಅಲ್ಲಿ ಮುಖ್ಯ ಲಿಖಿತ ಪರೀಕ್ಷೆಗೆ 1750, ಸಂದರ್ಶನಕ್ಕೆ 275 ಅಂಕಗಳು.

ನಮ್ಮೆದುರಿಗೇ ತರುಣನು ಅಭ್ಯಾಸ ಮಾಡಿದನು: "ಆ ವರ್ಷ ತಂದೆ ತೀರಿಕೊಂಡರು, ಮನೆಯ ಹೊಣೆ ಹೊತ್ತೆ. ಒಂದು ವಿಷಯ ಅದರಿಂದ ಹೋಯಿತು, ಇನ್ನೊಂದು ನನ್ನ ಅಲಕ್ಷ್ಯದಿಂದ. ಎರಡನ್ನೂ ಪಾಸು ಮಾಡಿದೆ. ಈಗ ಮನೆಯ ಸಾಲದ ಲೆಕ್ಕವನ್ನು ನಾನೇ ಬರೆಯುತ್ತೇನೆ. ತಮ್ಮಲ್ಲಿನ ಲೆಕ್ಕದ ಕೆಲಸವನ್ನೂ ಮಾಡಬಲ್ಲೆ." ಕೇಳುತ್ತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ ಅಳಲಿಲ್ಲ.

ಮೂರನೆಯ ಸಂದರ್ಶನ ಮುಂದಿನ ವಾರವಿದೆ. ಫಲ ಏನೇ ಬರಲಿ, ಆ ತಾಯಿಯ ಪ್ರಶ್ನೆಗೆ ಉತ್ತರ ಮಗನಿಂದಲೇ ದೊರೆಯಿತು. ಮಕ್ಕಳನ್ನು ಸಂದರ್ಶನಕ್ಕೆ ಕಳಿಸುವ ತಂದೆತಾಯಿಗಳೂ ಮೊದಲು ಮನೆಯಲ್ಲಿ ಕೂಡಿಸಿಕೊಂಡು, ಬೈಯದೆ, ಆ ಮೂರು ಮಾತುಗಳನ್ನು ಕೇಳಲಿ.